ಸಂಜೆಯ ಫೋನನ್ನು ನಾವು ಎತ್ತುವುದಿಲ್ಲ

ಮಾನ್ಯ ದೂರವಾಣಿ ಅಧಿಕಾರಿಗಳೇ,

ನಮ್ಮ ಮನೆಯ ಫೋನು ಬಡಿದುಕೊಂಡಾಗ ನಾವು ಎತ್ತುವುದಿಲ್ಲ ಎಂಬ ಕಾರಣಕ್ಕೆ ಇದೇ ಸೆಪ್ಟೆಂಬರ್ ಮೂವತ್ತಕ್ಕೆ ಸಂಪರ್ಕ ಕಡಿಯುವುದಾಗಿ ತಾವು ನೋಟಿಸು ಕಳಿಸಿದ್ದೀರಿ. ಬಿಲ್ಲು ಕಟ್ಟದವರ ಫೋನು ಕಡಿದದ್ದನ್ನು ಕೇಳಿದ್ದೇನೆ. ಕಂಬದಿಂದ ಕಳ್ಳತಂತಿ ಎಳೆದವರ ಫೋನು ಕಡಿದದ್ದನ್ನೂ ಕೇಳಿದ್ದೇನೆ. ಮಾತಾಡಲಿಲ್ಲ ಎಂಬ ಅಪರಾಧಕ್ಕೆ ಫೋನು ಕಳೆದುಕೊಳ್ಳುವ ಮೊದಲ ಮನೆ ಬಹುಶಃ ಇಡೀ ಶಿಕಾರಿಪುರ ತಾಲ್ಲೂಕಿನಲ್ಲಿ ನಮ್ಮದೇ ಇರಬೇಕು. ಇಂಥ ಗೌರವಕ್ಕೆ ನಮ್ಮನ್ನು ಆರಿಸಿದ್ದಕ್ಕೆ ಮೊದಲು ವಂದನೆ ಹೇಳಿ, ಆಮೇಲೆ ತಕರಾರಿಗೆ ಬರುತ್ತೇನೆ.

ನೋಟಿಸು ನಮ್ಮ ಯಜಮಾನರಾದ ಗುರುಮಲ್ಲಪ್ಪನವರ ಹೆಸರಿಗೆ ಬಂದಿದೆ. ಫೋನೂ ಅವರ ಹೆಸರಿನಲ್ಲೇ ಇದೆ. ಆದರೆ ಅವರು ಬೆಳಿಗ್ಗೆ ಎಂಟರ ಬಸ್ಸಿಗೆ ಶಿರಾಳಕೊಪ್ಪದ ಅಂಗಡಿಗೆ ಹೋದರೆ ಮರಳುವುದು ರಾತ್ರಿ ಊಟದ ಹೊತ್ತಿಗೆ. ಸಂಜೆ ಫೋನಿನ ಮುಂದೆ ಕೂತು ಅದನ್ನು ಎತ್ತದೇ ಬಿಡುವವಳು ನಾನು, ಅವರ ಹೆಂಡತಿ ರಾಜೇಶ್ವರಮ್ಮ. ಹಾಗಾಗಿ ಆರೋಪಿ ನಾನು, ಉತ್ತರ ಕೊಡಬೇಕಾದವಳೂ ನಾನೇ. ಮೊದಲು ತಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಬರೆದೆ. ತಲುಪಿದ್ದಕ್ಕೆ ಸಹಿಯಾಗಿ ಚೀಟಿ ಬಂತು, ಉತ್ತರ ಬರಲಿಲ್ಲ. ತಮ್ಮ ಇಲಾಖೆಯ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಪೂರ್ಣ ಕರೆ. ಸಾಹೇಬರು ಕಾಗದ ಓದದಿದ್ದರೂ ಪೇಪರು ಓದುತ್ತಾರೆ ಎಂದು ನಿಮ್ಮ ಲೈನ್‌ಮನ್ ಪುಟ್ಟಪ್ಪ ಹೇಳಿದ್ದರಿಂದ ಈಗ ಪತ್ರಿಕೆಗೆ ಕೊಡುತ್ತಿದ್ದೇನೆ. ಅವನ ಮೇಲೆ ಸಿಟ್ಟಾಗಬೇಡಿ, ಹೊಗಳಿಕೆ ಎಂದೇ ಹೇಳಿದ್ದ.

ತಮ್ಮ ಮೊದಲ ನೋಟಿಸು ಆಗಸ್ಟ್ ಆರಂಭದಲ್ಲಿ ಬಂತು. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಈಗ ಬಾಯಿಪಾಠ. 'ಸದರಿ ದೂರವಾಣಿಗೆ ಪ್ರತಿನಿತ್ಯ ಸಂಜೆ ಆರೂವರೆಯಿಂದ ಏಳೂಕಾಲರವರೆಗೆ ಪರಸ್ಥಳಗಳಿಂದ ಅಪೂರ್ಣ ಕರೆಗಳು ಬರುತ್ತಿದ್ದು, ಚಂದಾದಾರರು ಸದರಿ ಕರೆಗಳನ್ನು ಉದ್ದೇಶಪೂರ್ವಕವಾಗಿ ಸ್ವೀಕರಿಸದೇ ಇಲಾಖೆಯ ಮಾರ್ಗಗಳ ದುರ್ಬಳಕೆಗೆ ಕಾರಣರಾಗಿರುತ್ತಾರೆ. ಇದರಿಂದ ನೂತನ ಇಂಟರ್‌ನೆಟ್ ಗ್ರಾಹಕರಿಗೆ ಅಡಚಣೆಯಾಗುತ್ತಿದೆ. ಇನ್ನು ಮುಂದೆ ಬಂದ ಕರೆಗಳನ್ನು ಸ್ವೀಕರಿಸತಕ್ಕದ್ದು.' ಎಂಟು ವರ್ಷ ಅರ್ಜಿ ಹಾಕಿ ಕಾದು ತೊಂಬತ್ನಾಲ್ಕರಲ್ಲಿ ಫೋನು ಪಡೆದವರು ನಾವು. ಆ ಎಂಟು ವರ್ಷದಲ್ಲಿ ನಮಗೆ ಮಾತಾಡಲು ಏನಾದರೂ ಇದೆಯೇ ಎಂದು ತಮ್ಮ ಇಲಾಖೆ ಒಮ್ಮೆಯೂ ಕೇಳಿರಲಿಲ್ಲ. ಈಗ ಮಾತಾಡುವುದು ಕಡ್ಡಾಯವಾಗಿದೆ.

ಫೋನು ಯಾಕೆ ಎತ್ತುವುದಿಲ್ಲ ಎಂಬುದನ್ನು ಹೇಳುತ್ತೇನೆ. ದಯವಿಟ್ಟು ಇಷ್ಟನ್ನಾದರೂ ಪೂರ್ತಿ ಓದಿ.

ನಮ್ಮೂರಿನಲ್ಲಿ ಕುರಿ ಸಾಕುವ ಮನೆಗಳು ಹದಿನಾಲ್ಕು. ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆಯ ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲೇ ಗಂಡಸರು ಹಿಂಡು ಹೊಡೆದುಕೊಂಡು ಮೂಡಲ ಸೀಮೆಗೆ, ಹಿರೇಕೆರೂರು, ರಾಣೆಬೆನ್ನೂರಿನ ಕಡೆ ಹೋಗುತ್ತಾರೆ. ಬರುವುದು ದೀಪಾವಳಿ ಕಳೆದ ಮೇಲೆ. ಅಲ್ಲಿಯತನಕ ಇವತ್ತು ಒಬ್ಬರ ಹೊಲದಲ್ಲಿ ಹಿಂಡು ಮಲಗಿಸಿದರೆ ನಾಡಿದ್ದು ಇನ್ನೊಬ್ಬರ ಹೊಲದಲ್ಲಿ. ವಿಳಾಸವೇ ಇಲ್ಲದವರಿಗೆ ಮನೆಯವರು ಕಾಗದ ಬರೆಯುವುದು ಎಲ್ಲಿಗೆ? ಅವರೇ ಬರೆಯಬಹುದಲ್ಲ ಎನ್ನುತ್ತೀರಿ. ಹೋದವರಲ್ಲಿ ಬರೆಯಲು ಬರುವವರು ಇಬ್ಬರು, ಅವರಿಬ್ಬರೂ ಬರೆದದ್ದು ಬೇರೆಯವರು ಓದುವ ಹಾಗಿರುವುದಿಲ್ಲ. ಫೋನು ಬರುವ ಮುಂಚೆ ನಮ್ಮೂರ ಹೆಂಗಸರು ಐದು ತಿಂಗಳು ಹಾಗೆಯೇ ಕಾಯುತ್ತಿದ್ದರು. ಹಿಂಡಿನ ಜೊತೆ ಹೋದವನು ಇದ್ದಾನೋ ಇಲ್ಲವೋ ಎಂಬುದು ಹಿಂಡು ಊರ ಹಾದಿ ಹಿಡಿದು ಬಂದಾಗಲೇ ತಿಳಿಯುತ್ತಿತ್ತು.

ಊರಿಗೆಲ್ಲ ಒಂದೇ ಫೋನು ಬಂದದ್ದು ನಮ್ಮ ಮನೆಗೆ. ಹೊರಗೆ ಹೋದವರಿಗೆ ದಾರಿಯುದ್ದಕ್ಕೂ ಎಸ್‌ಟಿಡಿ ಬೂತುಗಳು ಸಿಕ್ಕವು. ದಿನಾ ಮಾತಾಡುವಷ್ಟು ಕಾಸು ಯಾರ ಬಳಿಯೂ ಇಲ್ಲ, ಇದ್ದರೂ ದಿನಾ ಮಾತಾಡುವಂಥದ್ದೇನಿದೆ? ಕುರಿ ಮೇಯಿತು, ಮಲಗಿತು, ಎದ್ದಿತು. ಆದ್ದರಿಂದ ಒಂದು ಕಟ್ಟಳೆ ಮಾಡಿಕೊಂಡೆವು. ಹದಿನಾಲ್ಕು ಮನೆಯ ಕುರಿ ಹೋಗುವುದು ನಾಲ್ಕು ಹಿಂಡಾಗಿ, ಒಂದೊಂದು ಹಿಂಡಿನವರಿಗೂ ಸಂಜೆಯ ಒಂದೊಂದು ಹೊತ್ತು ಗೊತ್ತುಮಾಡಿದೆ. ವರದಮ್ಮನ ಮಗ ಮಾಳೇಶನಿಗೆ ಆರೂವರೆ, ಚಿಕ್ಕಬೀರಪ್ಪನಿಗೆ ಆರು ಮುಕ್ಕಾಲು, ಹೀಗೆ. ಒಂದೆರಡು ಸಲ ಬಡಿದು ನಿಂತರೆ ಕ್ಷೇಮ. ನಾಲ್ಕೈದು ಸಲ ಬಡಿದರೆ ಠಿಕಾಣಿ ಬದಲಾಗಿದೆ. ಬಡಿಯುತ್ತಲೇ ಇದ್ದರೆ ಅವರಿಗೆ ಮಾತಾಡಬೇಕಾಗಿದೆ, ಆಗ ಎತ್ತುತ್ತೇವೆ. ಒಂದು, ಎರಡು, ಮೂರು ಎಂದು ಸರಳವಾಗಿ ಇಡಬಹುದಿತ್ತಲ್ಲ ಎನ್ನಬೇಡಿ. ತಮ್ಮ ಎಕ್ಸ್‌ಚೇಂಜಿನ ಕೃಪೆಯಿಂದ ಅಲ್ಲಿ ಕೇಳಿಸುವ ಗಂಟೆಗೂ ಇಲ್ಲಿ ಬಡಿಯುವ ಗಂಟೆಗೂ ಒಂದರ ವ್ಯತ್ಯಾಸ ಬರುತ್ತದೆ. ಅದನ್ನು ಕಂಡುಹಿಡಿಯಲು ನಮಗೆ ಒಂದು ಮಳೆಗಾಲವೇ ಹಿಡಿಯಿತು.

ಇನ್ನೊಂದು ಕಟ್ಟಳೆ ಇದೆ. ಅವರು ನಮಗೆ ಫೋನು ಮಾಡಬಹುದು, ನಾವು ಅವರಿಗೆ ಮಾಡುವಂತಿಲ್ಲ, ಯಾಕೆಂದರೆ ಯಾವ ಊರಿನ ಯಾವ ಬೂತಿನಲ್ಲಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಮನೆಯಿಂದ ಅವರಿಗೆ ಸುದ್ದಿ ಮುಟ್ಟಿಸಲು ಇರುವುದು ಒಂದೇ ದಾರಿ: ಮೊದಲ ಗಂಟೆಗೇ ರಿಸೀವರ್ ಎತ್ತುವುದು. ಹಾಗೆ ಎತ್ತಿದರೆ ಮನೆಯಲ್ಲಿ ಆಗಬಾರದ್ದು ಆಗಿದೆ, ಇದ್ದ ಹಾಗೆಯೇ ಹೊರಟು ಬಾ ಎಂದು ಅರ್ಥ. ಐದು ವರ್ಷದಲ್ಲಿ ನಾನು ಹಾಗೆ ಎತ್ತಿದ್ದು ಒಂದೇ ಸಲ, ಚಿಕ್ಕಬೀರಪ್ಪನ ಅಪ್ಪ ತೀರಿಕೊಂಡಾಗ. 'ಹಲೋ' ಎಂದೆ. ಅವನು ಏನೂ ಕೇಳದೆ ಇಟ್ಟ. ಮರುದಿನ ಮಣ್ಣಿಗೆ ಸರಿಯಾಗಿ ಬಂದು ಮುಟ್ಟಿದ.

ಇದರಲ್ಲಿ ಕಾಸು ಉಳಿಸುವ ಆಸೆ ಇಲ್ಲವೇ ಎಂದರೆ ಇದೆ. ಸುಳ್ಳು ಹೇಳುವುದಿಲ್ಲ. ಬಾಗಿಲು ತಟ್ಟಿ ಹೋದದ್ದಕ್ಕೆ ಮನೆ ಬಾಡಿಗೆ ಕೊಡಬೇಕೆಂದು ನಮಗೆ ಹೊಳೆದಿರಲಿಲ್ಲ, ಅಷ್ಟೇ.

ಈಗ ವರದಮ್ಮನ ವಿಷಯ. ಗಂಡ ಹೋಗಿ ಹದಿನೈದು ವರ್ಷವಾಯಿತು. ಇರುವವನು ಒಬ್ಬನೇ ಮಗ, ಮಾಳೇಶ, ಇಪ್ಪತ್ನಾಲ್ಕು ವರ್ಷದವನು. ಮಳೆಗಾಲದ ಪ್ರತಿ ಸಂಜೆ ಆರಕ್ಕೇ ಬಂದು ನಮ್ಮ ಪಡಸಾಲೆಯಲ್ಲಿ ಫೋನಿಗೆ ಬೆನ್ನು ಹಾಕಿ ಕೂತು ಉಣ್ಣೆ ನೂಲುತ್ತಾಳೆ. ಆರೂವರೆಗೆ ಗಂಟೆ ಬಡಿದು ನಿಲ್ಲುತ್ತದೆ. 'ಉಂಡಾನಂತೆ' ಎಂದು ಹೇಳಿ ಕದಿರು ಎತ್ತಿಕೊಂಡು ಏಳುತ್ತಾಳೆ. ಒಂದು ಗಂಟೆ ಸದ್ದಿನಲ್ಲಿ ಉಂಡದ್ದು ಹೇಗೆ ಗೊತ್ತಾಯಿತು ವರದವ್ವಾ ಎಂದು ಒಮ್ಮೆ ಕೇಳಿದೆ.

"ಉಣ್ದೇ ಇದ್ದಿದ್ರೆ ಗಂಟಿ ಸಣ್ಣಗೆ ಬಡೀತಿತ್ತು ಅಕ್ಕಾರೆ" ಎಂದಳು.

ತಾಂತ್ರಿಕವಾಗಿ ಇದು ಸಾಧ್ಯವಿಲ್ಲ ಎಂದು ತಾವು ಹೇಳಬಹುದು. ಅದನ್ನು ಅವಳಿಗೆ ಹೇಳುವ ಧೈರ್ಯ ನನಗಿಲ್ಲ, ತಮಗಿದ್ದರೆ ಬನ್ನಿ.

ನಾವು ಕಾನೂನಿಗೆ ಹೆದರುವ ಜನ. ನೋಟಿಸು ಬಂದ ಮೇಲೆ ಪಾಲಿಸದೇ ಇರುವುದು ಹೇಗೆ? ಇನ್ನು ಎತ್ತಲೇಬೇಕಂತೆ ಎಂದು ಹಿಂಡಿನವರಿಗೆ ತಿಳಿಸಬೇಕಿತ್ತು. ತಿಳಿಸಬೇಕಾದರೆ ಫೋನು ಎತ್ತಬೇಕಿತ್ತು. ಎತ್ತಿದರೆ ಅವರು ಗಾಬರಿಯಾಗುತ್ತಿದ್ದರು. ಎರಡು ದಿನ ಯೋಚಿಸಿ, ಎತ್ತಿದ ಕೂಡಲೇ ಒಂದೇ ಉಸಿರಿಗೆ ವಿಷಯ ಹೇಳಿಬಿಡೋಣ ಎಂದು ನಿಶ್ಚಯ ಮಾಡಿದೆ. ಆದರೆ ನೋಟಿಸಿನ ಜೊತೆ ತಾವೊಂದು ಕರಪತ್ರವನ್ನೂ ಇಟ್ಟಿದ್ದಿರಿ. ಕರೆ ಸ್ವೀಕರಿಸಿದವರು ಮೊದಲು 'ಹಲೋ' ಎನ್ನಬೇಕು, ನಂತರ ತಮ್ಮ ನಂಬರು ಹೇಳಬೇಕು, ಆಮೇಲೆ ಮಾತು ಆರಂಭಿಸಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಪಾಲಿಸುವುದೇ ಆದರೆ ಪೂರ್ತಿ ಪಾಲಿಸೋಣ ಎಂದುಕೊಂಡದ್ದು ನನ್ನ ತಪ್ಪು. ಆರೂವರೆಗೆ ಗಂಟೆ ಬಡಿಯಿತು. ಎತ್ತಿದೆ. ಹಲೋ ಎಂದೆ. ನಂಬರಿನ ಮೊದಲ ಅಂಕಿ ಬಾಯಿಗೆ ಬರುವಷ್ಟರಲ್ಲಿ ಆ ಕಡೆ ಇಟ್ಟ ಸದ್ದಾಯಿತು.

ವರದಮ್ಮನ ಕೈಯಲ್ಲಿ ಕದಿರು ನಿಂತಿತ್ತು.

"ಅಕ್ಕಾರೆ, ಎತ್ತಿದ್ರಾ?"

"ಇಲಾಖೆಯವರು ಎತ್ತಲೇಬೇಕು ಅಂತ ಬರೆದಿದ್ದಾರೆ ವರದವ್ವಾ."

"ನನ್ ಮಗಂಗೆ ಇಲಾಖಿ ಗೊತ್ತಿಲ್ರೀ. ನಾ ಸತ್ತೆ ಅಂದ್ಕೊಂಡ."

ಅವಳು ಅದನ್ನು ಕೂಗಿ ಹೇಳಲಿಲ್ಲ. ಅವನು ಹೊರಡುವಾಗ ಅವಳಿಗೆ ಕೆಮ್ಮು ಹತ್ತಿತ್ತು, ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಹೋಗಿದ್ದಾನೆ ಎಂದಷ್ಟೇ ಹೇಳಿದಳು. ಮತ್ತೆ ಮಾಡುತ್ತಾನೆ, ಮತ್ತೆ ಮಾಡುತ್ತಾನೆ ಎಂದು ರಿಸೀವರ್ ನೋಡುತ್ತಾ ಕೂತೆ. ಆರು ಮುಕ್ಕಾಲಿಗೆ ಬಡಿದಾಗ ಮಾಳೇಶನೇ ಇರಬೇಕೆಂದು ಹಾರಿಬಿದ್ದು ಎತ್ತಿದೆ. ಅದು ಚಿಕ್ಕಬೀರಪ್ಪ. ಅವನೂ ಇಟ್ಟುಬಿಟ್ಟ. ಆದರೆ ಎರಡು ನಿಮಿಷ ಬಿಟ್ಟು ಮತ್ತೆ ಮಾಡಿದ. "ನಮ್ ಮನ್ಯಾಗೆ ಸಾಯೋ ವಯಸ್ಸಿನೋರು ಯಾರೂ ಉಳಿದಿಲ್ವಲ್ಲ ಅಂತ ಅನುಮಾನ ಬಂತು ಅಕ್ಕಾರೆ" ಎಂದ. ಅವನಿಗೆ ಎಲ್ಲ ತಿಳಿಸಿದೆ. ಮಾಳೇಶನ ಹಿಂಡು ಎಲ್ಲಿದೆ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಉಳಿದ ಎರಡು ಹಿಂಡಿನವರ ಗಂಟೆ ಎತ್ತುವ ಧೈರ್ಯ ಬರಲಿಲ್ಲ. ಮಾಳೇಶ ಮತ್ತೆ ಫೋನು ಮಾಡಲಿಲ್ಲ. ಅಮ್ಮ ಸತ್ತಮೇಲೆ ಯಾರಿಗೆ ಮಾಡುತ್ತಾನೆ?

ಮರುದಿನ ಶಿರಾಳಕೊಪ್ಪದ ಸಂತೆ. ಮಾಳೇಶ ಸಿಕ್ಕ ಲಾರಿ ಹತ್ತಿ ಬೆಳಗಿನ ಹೊತ್ತಿಗೆ ಅಲ್ಲಿ ಇಳಿದಿದ್ದಾನೆ. ಊರಿಗೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೇವಂತಿಗೆ ಹಾರ ಕೊಂಡ, ಊದಿನಕಡ್ಡಿ ಕೊಂಡ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅತ್ತ. ಸಂತೆಗೆ ಬಂದಿದ್ದ ಪರಿಚಯದವರು ಏನಾಯಿತೋ ಎಂದು ಕೇಳಿದರು, ಹೇಳಿದ. ಅಲ್ಲೇ ಬೂತಿನಿಂದ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿರುವ ದೊಡ್ಡಮ್ಮ ಗುತ್ಯಮ್ಮನ ಓಣಿಯ ಅಂಗಡಿಗೆ ಫೋನು ಮಾಡಿ, ಅವಳನ್ನು ಕರೆಸಿ, ಮೂರು ನಿಮಿಷ ಮಾತಾಡಿದ. ಮಾನ್ಯರೇ, ಆ ಕರೆಯನ್ನು ತಮ್ಮ ಕಚೇರಿ ಪೂರ್ಣ ಕರೆ ಎಂದು ದಾಖಲೆ ಮಾಡಿರುತ್ತದೆ. ಹಲೋ ಎಂದಿದ್ದಾರೆ, ಎರಡೂ ಕಡೆ ಮಾತಾಡಿದ್ದಾರೆ, ದುಡ್ಡು ಕೊಟ್ಟಿದ್ದಾರೆ. ಅದರಲ್ಲಿ ಒಂದು ಮಾತೂ ನಿಜವಾಗಿರಲಿಲ್ಲ. ನಮ್ಮ ಅಪೂರ್ಣ ಕರೆಗಳು ಐದು ವರ್ಷದಲ್ಲಿ ಒಂದು ದಿನವೂ ಸುಳ್ಳು ಸುದ್ದಿ ತಂದಿರಲಿಲ್ಲ.

ಅವನು ಬೂತಿನಲ್ಲಿದ್ದಾಗಲೇ ಹೊರಟ ಸಂತೆಯ ಒಂದು ಟೆಂಪೋ ಬಸ್ಸಿಗಿಂತ ಮುಂಚೆ ಊರಿಗೆ ಬಂತು. ಅದರಲ್ಲಿ ಹನ್ನೆರಡು ಜನ ಇದ್ದರು. ಪಕ್ಕದೂರಿನ ಹಾಲಮ್ಮ ಇಳಿದವಳೇ ವರದಮ್ಮನ ಬಾಗಿಲ ಮುಂದೆ ನಿಂತು ಹಾಡಿಕೊಂಡು ಅಳಲು ಸುರುಮಾಡಿದಳು. ಎಂಥಾ ತಾಯಿ, ಎಂಥಾ ಕೈ, ಕೇಳಿದವರಿಗೆ ಇಲ್ಲ ಎನ್ನದವಳು, ಅವಳ ರೊಟ್ಟಿಯ ರುಚಿ ಇನ್ನೆಲ್ಲಿ ಎಂದು. ವರದಮ್ಮ ನಲ್ಲಿಯಿಂದ ಕೊಡ ಹೊತ್ತು ಬಂದವಳು ಅವಳ ಬೆನ್ನ ಹಿಂದೆಯೇ ನಿಂತಿದ್ದಳು. ನಾನು ಓಡಿಹೋಗಿ ಹೇಳಹೊರಟರೆ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದಳು. ರೊಟ್ಟಿಯತನಕ ಪೂರ್ತಿ ಕೇಳಿದ ಮೇಲೆ ಕೊಡ ಇಳಿಸಿ, "ಇರೋತಂಕ ಒಂದಿನಾನೂ ಹಿಂಗಂದಿರ್ಲಿಲ್ಲ ನೋಡು ನೀನು" ಎಂದಳು. ಹಾಲಮ್ಮ ಹಿಂದೆ ತಿರುಗಿದಳು. ಆಮೇಲೆ ಅವಳಿಗೆ ಗಾಳಿ ಬೀಸಿ ನೀರು ಕುಡಿಸಬೇಕಾಯಿತು.

ನಂತರ ಬಸ್ಸು ಬಂತು. ಮಾಳೇಶ ಇಳಿದ. ಕೈಯಲ್ಲಿ ಹಾರ. ಮನೆಯ ಮುಂದೆ ಜನ ಕಂಡು ತಲೆ ತಗ್ಗಿಸಿಕೊಂಡೇ ನಡೆದು ಬಂದ. ಜನ ದಾರಿ ಬಿಟ್ಟರು. ದಾರಿಯ ತುದಿಯಲ್ಲಿ ಅವನ ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅವನು ಇದ್ದ ಜಾಗದಲ್ಲೇ ರಸ್ತೆಯ ಕೆಸರಿನಲ್ಲಿ ಕೂತುಬಿಟ್ಟ.

"ಏಯ್, ಕುರಿ ಯಾರ್ ಹತ್ರ ಬಿಟ್ ಬಂದೀ?" ಎಂದಳು ವರದಮ್ಮ.

ಕುರಿಗಳನ್ನು ಅವನು ಜೊತೆಗಾರನೊಬ್ಬನ ಮೇಲೆ ಬಿಟ್ಟು ಬಂದಿದ್ದ. ಇಬ್ಬರು ಕಾಯುವ ಹಿಂಡನ್ನು ಒಬ್ಬನೇ ಕಾದ ಆ ಒಂದು ರಾತ್ರಿ ತೋಳ ಬಿದ್ದು ಎಂಟು ಮರಿಗಳು ಹೋದವು. ಅದು ನಮಗೆ ತಿಳಿದದ್ದು ಅವನು ಮರಳಿ ಹೋಗಿ ಬಿಡದೆ ಗಂಟೆ ಬಡಿಸಿದಾಗ. ಆ ದಿನ ಮಾತ್ರ ಬಂದವರಿಗೆಲ್ಲ ವರದಮ್ಮ ತಾನೇ ಚಹಾ ಮಾಡಿಕೊಟ್ಟಳು. ತನ್ನ ಮಣ್ಣಿಗೆ ಬಂದವರಿಗೆ ತಾನೇ ಚಹಾ ಕೊಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಬಸ್ಸು ಬದಲಿಸಿ ಗುತ್ಯಮ್ಮ ಬಂದಳು. ತಂಗಿಯನ್ನು ಕಂಡು ತಬ್ಬಿಕೊಂಡು ಅತ್ತು, ಸುಧಾರಿಸಿಕೊಂಡ ಮೇಲೆ, "ಅಲ್ಲ ಮಾರಾಯ್ತಿ, ಈ ಮಳೇಲಿ ಗದ್ದೆ ಕೆಲ್ಸ ಎಲ್ಲ ಬಿಟ್ಟು ಬಂದಿದೀನಿ" ಎಂದು ಆಕ್ಷೇಪಣೆಯನ್ನೂ ಸಲ್ಲಿಸಿದಳು. ಸೇವಂತಿಗೆ ಹಾರ ಏನು ಮಾಡುವುದೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅದನ್ನು ಈಶ್ವರನ ಗುಡಿಗೆ ಕೊಟ್ಟರು.

ಸಂಜೆ ಎಲ್ಲ ಹೋದ ಮೇಲೆ ವರದಮ್ಮ ನಮ್ಮ ಪಡಸಾಲೆಗೆ ಬಂದು ಎಂದಿನ ಜಾಗದಲ್ಲಿ ಕೂತಳು. ಮಗ ಊರಲ್ಲೇ ಇದ್ದ, ಫೋನು ಬರುವುದಿರಲಿಲ್ಲ. ಆದರೂ ಬಂದಿದ್ದಳು.

"ನಾ ಸತ್ರೆ ಹೆಂಗ್ ಬರ್ತಾನೆ ಅಂತ ನೋಡ್ದಂಗಾತು ಅಕ್ಕಾರೆ" ಎಂದಳು. "ಇನ್ನೊಂದ್ ಸಲ ನೋಡೋ ಶಕ್ತಿ ನಂಗಿಲ್ಲ. ಇನ್ನ ಎತ್ತಬ್ಯಾಡ್ರಿ."

ನಾನು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ತಮ್ಮ ಮೇಲೆ ಸಿಟ್ಟು ಬಂದದ್ದು ಆಮೇಲೆ. ಮೊದಲು ನನ್ನ ಮೇಲೆಯೇ ನಾಚಿಕೆಯಾಯಿತು. ಐದು ವರ್ಷ ಊರಿನವರು ಯಾರ ಬುದ್ಧಿಯನ್ನು ನಂಬಿ ಹೋಗಿದ್ದರೋ ಅವಳೇ ಒಂದು ಅಚ್ಚುಹಾಕಿದ ಕಾಗದಕ್ಕೆ ಹೆದರಿ ಎಲ್ಲ ಮರೆತಿದ್ದಳು. ಅವತ್ತಿನಿಂದ ನಾನು ಸಂಜೆಯ ಫೋನನ್ನು ನಮ್ಮ ಕಟ್ಟಳೆ ಮೀರಿ ಎತ್ತಿಲ್ಲ. ಅದರ ಫಲವೇ ತಮ್ಮ ಎರಡನೆಯ ನೋಟಿಸು.

ಇಷ್ಟೆಲ್ಲ ಆದ ಮೇಲೆ, ನಮ್ಮಿಂದ ಯಾರಿಗೆ ಅಡಚಣೆಯಾಗಿದೆಯೋ ಅವರನ್ನಾದರೂ ನೋಡಿ ಕ್ಷಮೆ ಕೇಳೋಣವೆಂದು ಶಿರಾಳಕೊಪ್ಪದ ಇಂಟರ್‌ನೆಟ್ ಅಂಗಡಿಗೆ ಹೋದೆ. ಮೊದಲು ಟೈಪಿಂಗ್ ಕಲಿಸುತ್ತಿದ್ದ ರಾಜಕುಮಾರ್ ಈಗ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟಿದ್ದಾನೆ. ಜೂನಿನ ಗ್ರಾಹಕರ ಸಭೆಯಲ್ಲಿ ತಾವು ಹೇಳಿದ್ದಿರಿ, ಇಂಟರ್‌ನೆಟ್ಟಿನಿಂದ ಇಡೀ ಪ್ರಪಂಚ ನಮ್ಮ ಅಂಗೈಗೆ ಬರುತ್ತದೆ ಎಂದು. ಪ್ರಪಂಚ ಬರುವ ಮೊದಲು ಆ ಹುಡುಗ ಶಿವಮೊಗ್ಗಕ್ಕೆ ಫೋನು ಹಚ್ಚುತ್ತಾನೆ. ಪೆಟ್ಟಿಗೆಯೊಳಗಿಂದ ಬೇಲಿಗೆ ಸಿಕ್ಕಿಕೊಂಡ ಕುರಿಮರಿಯ ಹಾಗೆ ಒಂದು ಕಿರುಚಾಟ ಕೇಳುತ್ತದೆ, ಆಮೇಲೆ ನಿಲ್ಲುತ್ತದೆ. ನಾನಿದ್ದಾಗ ಮೂರು ಸಲ ಹಚ್ಚಿದ, ಮೂರು ಸಲವೂ ಆಗಲಿಲ್ಲ. ಆ ಮೂರು ಯಾವ ಕರೆಗಳು ಮಾನ್ಯರೇ? ಅವನಿಗೂ ನೋಟಿಸು ಹೋಗಿದೆಯೇ? ಕೇಳಿದೆ, ಇಲ್ಲವಂತೆ. ಅವನಿಗ್ಯಾರೂ ಕರಪತ್ರವನ್ನೂ ಕೊಟ್ಟಂತಿಲ್ಲ, ಯಾಕೆಂದರೆ ಆ ಯಂತ್ರ ಹಲೋ ಎನ್ನಲಿಲ್ಲ.

ನಾಲ್ಕನೆಯ ಸಲಕ್ಕೆ ಆಯಿತು. ಅಷ್ಟು ಹೊತ್ತಿನಿಂದ ಕಾದಿದ್ದ ಸೌಂದರ್ಯ ಎಂಬ ಹುಡುಗಿ ಯಂತ್ರದ ಮುಂದೆ ಕೂತಳು. ಅವಳ ಅಕ್ಕ ಗಂಗಾಶ್ರೀ ಗಂಡನ ಜೊತೆ ಪುಣೆಯಲ್ಲಿದ್ದಾಳಂತೆ, ಇವತ್ತೋ ನಾಳೆಯೋ ಹೆರಿಗೆ. ಭಾವ ಇದರಲ್ಲೇ ಸುದ್ದಿ ಕಳಿಸುತ್ತಾನಂತೆ. ತೆರೆಯ ಮೇಲೆ ಏನೇನೋ ನಿಧಾನವಾಗಿ ಮೂಡಿತು. ಹುಡುಗಿ ನೋಡಿದಳು, ಏನೂ ಬಂದಿರಲಿಲ್ಲ. ಕುರ್ಚಿ ಹಿಂದೆ ಸರಿಸಿ ಎದ್ದಳು.

"ಇಷ್ಟೇನಾ?" ಎಂದೆ.

"ದಿನಾ ಬರ್ತಾರೆ ರೀ" ಎಂದ ರಾಜಕುಮಾರ್. "ಬಂದಿಲ್ಲ ಅಂತ ನೋಡ್ಕೊಂಡ್ ಹೋಗ್ತಾರೆ. ಬಹಳ ಜನ ಅದಕ್ಕೇ ಬರೋದು."

ಹುಡುಗಿ ನನ್ನತ್ತ ನೋಡಿ ನಕ್ಕಳು. "ಏನೂ ಬಂದಿಲ್ಲ ಅಂದ್ರೆ ಅಕ್ಕ ಹುಷಾರಾಗಿದಾಳೆ ಅಂತ ಆಂಟೀ. ಅಷ್ಟು ಗೊತ್ತಾದ್ರೆ ನಿದ್ದೆ ಬರ್ತದೆ" ಎಂದಳು. ನನಗೆ ಅವಳನ್ನು ಕರೆದುಕೊಂಡು ಬಂದು ವರದಮ್ಮನ ಪಕ್ಕ ಕೂರಿಸಬೇಕು ಅನ್ನಿಸಿತು. ಇಬ್ಬರೂ ಮಾಡುತ್ತಿರುವುದು ಒಂದೇ ಕೆಲಸ. ಒಬ್ಬಳದ್ದನ್ನು ತಾವು ಬಳಕೆ ಎನ್ನುತ್ತೀರಿ, ಇನ್ನೊಬ್ಬಳದ್ದನ್ನು ದುರ್ಬಳಕೆ ಎನ್ನುತ್ತೀರಿ.

ನಾನು ಇಂಟರ್‌ನೆಟ್ಟಿನ ವಿರೋಧಿಯಲ್ಲ. ಬರಲಿ, ಮನೆಮನೆಗೂ ಬರಲಿ. ಬಂದರೆ ಜನ ಊಟ ಬಿಟ್ಟು, ಮಾತು ಬಿಟ್ಟು, ಬೆಳಗಿನಿಂದ ಸಂಜೆಯವರೆಗೂ ಏನಾದರೂ ಬಂತೇ ಎಂದು ಅದನ್ನೇ ನೋಡುತ್ತಾ ಕೂರುತ್ತಾರೆಂದು ನನಗೊಂದು ಅನುಮಾನವಿದೆ. ನಮ್ಮ ಮನೆಯಲ್ಲಿ ದಿನಕ್ಕೆ ಒಂದೇ ಸಲ, ಮುಕ್ಕಾಲು ಗಂಟೆ ಮಾತ್ರ ನೋಡುವುದು. ಆ ದೃಷ್ಟಿಯಿಂದ ನಮ್ಮ ಚಟ ಎಷ್ಟೋ ವಾಸಿ. ಒಂದೊಂದು ಕರೆಯೂ ತಮ್ಮ ತಂತಿಯನ್ನು ಹಿಡಿಯುವುದು ಎಷ್ಟು ಹೊತ್ತು ಎಂದು ನಮ್ಮ ಯಜಮಾನರ ಗಡಿಯಾರ ಹಿಡಿದು ನೋಡಿದೆ. ಐದಾರು ಸೆಕೆಂಡು. ಆ ಹುಡುಗಿ ಏನೂ ಬಂದಿಲ್ಲ ಎಂದು ತಿಳಿಯಲು ಹನ್ನೊಂದು ನಿಮಿಷ ತಂತಿ ಹಿಡಿದಿದ್ದಳು. ಯಾರಿಗೆ ಯಾರಿಂದ ಅಡಚಣೆ ಎಂದು ತಾವೇ ಲೆಕ್ಕ ಹಾಕಿ.

ಇನ್ನು ನಿಜವಾದ ಮಾತಿಗೆ ಬರುತ್ತೇನೆ. ತಾವು ಸೆಪ್ಟೆಂಬರ್ ಮೂವತ್ತಕ್ಕೆ ತಂತಿ ಕಡಿಯುತ್ತೀರಿ. ಹಿಂಡುಗಳು ಬರುವುದಕ್ಕೆ ಅಲ್ಲಿಂದ ಇನ್ನೂ ಆರು ವಾರ. ಕಡಿದಿದ್ದಾರೆಂದು ಅವರಿಗೆ ತಿಳಿಸಲು ನಮಗೆ ಇರುವುದೂ ಅದೇ ಫೋನು. ಈಗಲೇ ಎತ್ತಿ ಹೇಳಿಬಿಡಿ ಎನ್ನುತ್ತೀರೋ? ಒಮ್ಮೆ ಎತ್ತಿದ್ದಕ್ಕೆ ಏನಾಯಿತೆಂದು ಬರೆದಿದ್ದೇನೆ. ತಂತಿ ಕಡಿದ ಫೋನಿಗೆ ಯಾರಾದರೂ ಮಾಡಿದರೆ ಆ ಕಡೆ ಏನು ಕೇಳಿಸುತ್ತದೆ ಎಂದು ಪುಟ್ಟಪ್ಪನನ್ನು ವಿಚಾರಿಸಿದೆ. "ಕಂಬದಾಗೆ ಕಡಿದ್ರೆ ಆ ಕಡೆಯೋರಿಗೆ ರಿಂಗ್ ಹೋಗ್ತಾನೇ ಇರ್ತೈತೆ ಅಮ್ಮಾರೆ. ಇಲ್ಲಿ ಬಡಿಯಂಗಿಲ್ಲ ಅಷ್ಟೇ" ಎಂದ.

ಅಂದರೆ ಅಕ್ಟೋಬರ್ ಒಂದರ ಸಂಜೆ ಆರೂವರೆಗೆ ಮಾಳೇಶ ಬೂತಿಗೆ ಹೋಗುತ್ತಾನೆ. ಒಂದು ಗಂಟೆ ಕೇಳಿಸಿಕೊಳ್ಳುತ್ತಾನೆ, ಇಡುತ್ತಾನೆ, ಅಮ್ಮನಿಗೆ ಮುಟ್ಟಿತು ಎಂದು ನೆಮ್ಮದಿಯಿಂದ ಹೋಗಿ ಮಲಗುತ್ತಾನೆ. ಇಲ್ಲಿ ವರದಮ್ಮ ಕದಿರು ಹಿಡಿದು ಏಳೂಕಾಲರವರೆಗೂ ಕೂರುತ್ತಾಳೆ. ಮರುದಿನವೂ ಕೂರುತ್ತಾಳೆ. ತಂತಿ ಕಡಿದಿದ್ದಾರೆ ಎಂದು ನಾನು ಹೇಳುತ್ತೇನೆ, ಅವಳು ಹೂಂ ಎನ್ನುತ್ತಾಳೆ, ಆದರೂ ಬಂದು ಕೂರುತ್ತಾಳೆ. ಅವಳು ಏಳುವುದಿಲ್ಲ ಎಂದು ನನಗೆ ಗೊತ್ತು. ಆರು ವಾರದಲ್ಲಿ ಅವನಿಗೆ ಏನಾದರೂ ಆಗಿ, ಹಾವು ಮುಟ್ಟಿಯೋ ಜ್ವರ ಬಂದೋ, ಅವನು ಎಡೆಬಿಡದೆ ಗಂಟೆ ಬಡಿಸಿದರೆ ಆ ಸದ್ದು ಅವನ ಕಿವಿಯಲ್ಲಿ ಮಾತ್ರ ಬಡಿಯುತ್ತದೆ. ಇದು ತಮ್ಮ ಫೈಲಿನಲ್ಲಿ ಯಾವ ಕಾಲಮ್ಮಿನಲ್ಲಿ ಬರುತ್ತದೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನೋಟಿಸನ್ನು ವಾಪಸು ತೆಗೆದುಕೊಳ್ಳಿ. ಇಂಟರ್‌ನೆಟ್ಟಿಗೆ ದಿನದ ಇಪ್ಪತ್ತಮೂರೂಕಾಲು ಗಂಟೆ ಕೊಡಿ, ಆರೂವರೆಯಿಂದ ಏಳೂಕಾಲು ನಮಗೆ ಬಿಡಿ. ಕಡಿಯಲೇಬೇಕೆಂದು ಹಟವಿದ್ದರೆ ಅದಕ್ಕೂ ತಕರಾರಿಲ್ಲ. ಆದರೆ ಪುಟ್ಟಪ್ಪನನ್ನು ಕಳಿಸಬೇಡಿ, ಅವನು ವರದಮ್ಮನ ಮುಖ ನೋಡಲಾರೆ ಎಂದಿದ್ದಾನೆ. ತಾವೇ ಬನ್ನಿ. ಬಂದು ಕಡಿದು, ಅಕ್ಟೋಬರ್ ಒಂದರಿಂದ ದೀಪಾವಳಿ ಕಳೆಯುವವರೆಗೆ ಪ್ರತಿ ಸಂಜೆ ನಮ್ಮ ಪಡಸಾಲೆಯಲ್ಲಿ ಅವಳ ಪಕ್ಕ ಕೂರಿ. ಸರಿಯಾಗಿ ಆರೂವರೆಗೆ 'ಉಂಡಾನಂತೆ' ಎಂದು ಹೇಳಿ. ಅವಳು ನಂಬಿ ಎದ್ದುಹೋದರೆ ನಾನು ಆಮೇಲೆ ಒಂದು ಮಾತೂ ಆಡುವುದಿಲ್ಲ.

ಒಪ್ಪಿಗೆಯಾದರೆ ಕಾಗದ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ, ಅದು ಬಂದು ಮುಟ್ಟುವಷ್ಟರಲ್ಲಿ ಹಿಂಡೇ ಬಂದಿರುತ್ತದೆ. ಮೂವತ್ತನೇ ತಾರೀಖಿನೊಳಗೆ ಯಾವುದಾದರೂ ಸಂಜೆ ಆರು ಇಪ್ಪತ್ತಕ್ಕೆ ನಮ್ಮ ನಂಬರಿಗೆ ಮಾಡಿ, ಒಂದು ಸಲ ಬಡಿಸಿ ಇಟ್ಟುಬಿಡಿ. ಆ ಹೊತ್ತನ್ನು ಯಾರಿಗೂ ಕೊಟ್ಟಿಲ್ಲ, ತಮಗೆಂದೇ ಇಟ್ಟಿದ್ದೇನೆ. ನಾವು ಎತ್ತುವುದಿಲ್ಲ. ಸಾಹೇಬರೂ ಉಂಡರಂತೆ ಎಂದು ವರದಮ್ಮ ಹೇಳುತ್ತಾಳೆ.

ಇಂತಿ,
ತಮ್ಮ ಆಜ್ಞೆಯನ್ನು ಒಂದೇ ಒಂದು ಸಲ ಪಾಲಿಸಿ, ಬದುಕಿದ್ದವಳ ಮಣ್ಣಿಗೆ ಜನ ಸೇರಿಸಿದ
ರಾಜೇಶ್ವರಮ್ಮ
ಸೆಪ್ಟೆಂಬರ್ ೧೯೯೯